ಅಂಗೈಯ ಮೇಲಿನ ಚೆಂಡು

ತೀರಿಹೋದ ನಮ್ಮ ಬ್ಯಾಂಕಿನ ಹಿರಿಯರೊಬ್ಬರ ಬೊಜ್ಜದ ದಿನ, ನಾವುಂದದ ಅವರ ಮನೆಯ ಚಾವಡಿಯಲ್ಲಿ ಇಟ್ಟಿದ್ದ ಫೋಟೋದ ಬಗ್ಗೆ ಬೆಳಿಗ್ಗೆಯಿಂದಲೇ ತಕರಾರು ನಡೆದಿತ್ತು. ಹಾರ ಹಾಕಿ, ಊದುಬತ್ತಿ ಹಚ್ಚಿ, ಕುರ್ಚಿಯ ಮೇಲೆ ನಿಲ್ಲಿಸಿದ್ದ ದೊಡ್ಡ ಫೋಟೋ. ಅದರಲ್ಲಿ ಅವರು ಟೇಬಲ್ ಟೆನಿಸ್ ಟೇಬಲ್ಲಿನ ಮೂಲೆಯಲ್ಲಿ ತುಸು ಬಗ್ಗಿ ನಿಂತಿದ್ದಾರೆ. ಬಲಗೈಯಲ್ಲಿ ಬ್ಯಾಟು. ಎಡಗೈ ಮುಂದಕ್ಕೆ ಚಾಚಿ ಅಂಗೈ ಬಿಚ್ಚಿದ್ದಾರೆ. ಮುಖ ಸ್ಪಷ್ಟವಾಗಿದೆ, ಅಂಗಿಯ ಗುಂಡಿ ಕೂಡ ಕಾಣುತ್ತದೆ. ಆ ಅಂಗೈ ಮತ್ತು ಅದರ ಮೇಲಿನ ಚೆಂಡು ಮಾತ್ರ ಮಬ್ಬು. ಚೆಂಡು ಗುಂಡಗೆ ಇರುವ ಬದಲು ಬಿಳಿ ಗೀಟಿನ ಹಾಗೆ ಬಂದಿದೆ.

ಅವರ ತಂಗಿಯ ಮಗನಿಗೆ ಅದು ಸುತರಾಂ ಹಿಡಿಸಿರಲಿಲ್ಲ. ಮುಂಬಯಿಯಿಂದ ಹಿಂದಿನ ದಿನ ಬಂದವನು, ಮಾವನ ಮೇಲೆ ಜೀವ ಇಟ್ಟುಕೊಂಡವನು. ಒಳಗೆ ಅಡುಗೆಯವರ ಹತ್ತಿರ ನಿಂತಿದ್ದ ಅವರ ಹೆಂಡತಿಗೆ, ನಾನು ಅತ್ತಿಗೆ ಎಂದು ಕರೆಯುವವರಿಗೆ, ಹೇಳಿದ: "ಅತ್ತೆ, ಇದ್ ಸಮ ಬರ್ಲಿಲ್ಲೆ. ಬಂದವ್ರ್ ಎಂತ ಹೇಳುದ್? ಬೇರೆ ಹಾಕ್ವ."

"ಅದೇ ಇರ್ಲಿ," ಎಂದರು ಅತ್ತಿಗೆ. ಅಷ್ಟೇ ಹೇಳಿ ಒಳಗೆ ಹೋದರು.

ಅವನು ನನ್ನ ಹತ್ತಿರ ಬಂದ. "ಅಕ್ಕ, ನೀವ್ ಮಾವನ ಒಟ್ಟಿಗ್ ಕೆಲ್ಸ ಮಾಡ್ದವ್ರ್. ಆಡ್ದವ್ರ್. ನಿಮ್ಮ್ ಹತ್ರ ಒಳ್ಳೆ ಫೋಟೋ ಒಂದ್ ಇತ್ತಾ?"

"ಕಾಂಬ," ಎಂದೆ. ನನ್ನ ಚೀಲದಲ್ಲಿ ಒಂದು ಫೋಟೋ ಇತ್ತು. ಅತ್ತಿಗೆಗೆ ಕೊಡೋಣವೆಂದೇ ತಂದಿದ್ದೆ. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಚಾವಡಿಯ ಮೂಲೆಯಲ್ಲಿ ಕೂತೆ.

ಅವರ ಹೆಸರು ಬರೆಯುವುದಿಲ್ಲ. ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದೇ ಕಡಿಮೆ, ಬಂದಾಗಲೆಲ್ಲ ತಪ್ಪಾಗಿ ಬರುತ್ತಿತ್ತು. ಅವರು ಅದನ್ನು ಕತ್ತರಿಸಿ ಇಡುವ ಪೈಕಿಯೂ ಅಲ್ಲ. ಬ್ರಾಂಚಿನಲ್ಲಿ ನಾವೆಲ್ಲ ಅಣ್ಣಯ್ಯ ಎನ್ನುತ್ತಿದ್ದೆವು. ಇಲ್ಲೂ ಅದೇ ಸಾಕು.

ಕುಂದಾಪುರದ ನಮ್ಮ ಬ್ಯಾಂಕಿಗೆ ಅವರು ಬಂದದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಬರುವ ಮೊದಲೇ ಸುದ್ದಿ ಬಂದಿತ್ತು. ಆಟ ಆಡಲಿಕ್ಕೆಂದೇ ಬ್ಯಾಂಕು ಕೆಲಸ ಕೊಟ್ಟ ಮನುಷ್ಯ, ಮುಂಬಯಿಯಲ್ಲಿ ಬ್ಯಾಂಕಿನ ಟೀಮಿನಲ್ಲಿ ಇಪ್ಪತ್ತು ವರ್ಷ ಇದ್ದವರು, ವರ್ಷದಲ್ಲಿ ಅರ್ಧ ಕಾಲ ಊರೂರು ತಿರುಗಿ ಆಡುವುದೇ ಅವರ ಡ್ಯೂಟಿ. ಈಗ ನಲವತ್ತು ದಾಟಿತು, ಟೀಮಿಗೆ ಹೊಸಬರು ಬಂದರು, ಊರಿನ ಕಡೆ ವರ್ಗ ಕೇಳಿಕೊಂಡು ಬರುತ್ತಿದ್ದಾರೆ ಎಂದು. ನನಗೆ ಕೇಳಿಯೇ ತಲೆ ಬಿಸಿಯಾಯಿತು. ನಾನು ಆಗ ಕ್ಯಾಶ್ ಕೌಂಟರಿನಲ್ಲಿ. ಸೋಮವಾರ ಎಂದರೆ ಮೀನು ವ್ಯಾಪಾರದವರ ಸಾಲು ಬಾಗಿಲು ದಾಟಿ ರಸ್ತೆಗೆ ಹೋಗುತ್ತಿತ್ತು. ಕೆಲಸ ಗೊತ್ತಿಲ್ಲದ ಒಬ್ಬ ಆಟಗಾರನ ಪಾಲಿನದ್ದನ್ನೂ ನಾನೇ ಹೊರಬೇಕಲ್ಲ ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದೆ.

ಬಂದರು. ಉದ್ದ ಕೈ, ಉದ್ದ ಕಾಲು, ಬಿಳಿ ಕ್ಯಾನ್ವಾಸ್ ಶೂಸು. ಕೆಲಸ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳಲು ಅವರಿಗೆ ನಾಚಿಕೆ ಇರಲಿಲ್ಲ. "ತಂಗಿ, ಇದ್ ಹ್ಯಾಂಗೆ ಮಾಡುದ್, ಒಂದ್ ಸಲ ತೋರ್ಸ್," ಎಂದು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಹಾಗೆ ಕೇಳುವವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಿಕ್ಕಾಗುತ್ತದೆ?

ಮೊದಲ ದಿನದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಬ್ರಾಂಚಿನ ಮಹಡಿಯಲ್ಲಿ ಒಂದು ಟೇಬಲ್ ಟೆನಿಸ್ ಟೇಬಲ್ ಇತ್ತು. ಯಾವುದೋ ಕಾಲದಲ್ಲಿ ಸಿಬ್ಬಂದಿಯ ಮನರಂಜನೆಗೆಂದು ಬಂದದ್ದು. ನಾವು ಅದರ ಮೇಲೆ ಪೇಪರು ಹಾಸಿ ಊಟ ಮಾಡುತ್ತಿದ್ದೆವು. ಇಷ್ಟು ದೊಡ್ಡ ಊಟದ ಮೇಜು ಇನ್ನೆಲ್ಲಿ ಸಿಗಬೇಕು? ಅಣ್ಣಯ್ಯ ಬುತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸಾಂಬಾರಿನ ಕಲೆ, ಉಪ್ಪಿನಕಾಯಿಯ ಎಣ್ಣೆ, ಬಿಸಿ ಪಾತ್ರೆ ಇಟ್ಟ ಉಂಗುರದ ಗುರುತು ಎಲ್ಲ ನೋಡಿದರು. "ಇದ್ರ ಮೇಲ್ ಉಂಬುದಾ?" ಎಂದು ಮೆಲ್ಲಗೆ ಕೇಳಿದರು. ಬೈಯಲಿಲ್ಲ. ಗೋಡೆಗೆ ಒರಗಿ ನಿಂತುಕೊಂಡೇ ಊಟ ಮುಗಿಸಿದರು. ಆ ಭಾನುವಾರ ಕೀಲಿ ಇಸಿದುಕೊಂಡು ಒಬ್ಬರೇ ಬಂದು ಟೇಬಲ್ಲನ್ನು ತಿಕ್ಕಿ ತೊಳೆದರಂತೆ. ಸೋಮವಾರದಿಂದ ನಮ್ಮ ಊಟ ನೆಲಕ್ಕಿಳಿಯಿತು.

ನನ್ನನ್ನು ಅವರು ಹಿಡಿದದ್ದು ಒಂದು ನಿಂಬೆಹಣ್ಣಿನಿಂದ. ಯಾರದೋ ಬುತ್ತಿಯಿಂದ ನಿಂಬೆಹಣ್ಣು ಉರುಳಿ ಬಂತು, ನಾನು ಕೈಯಲ್ಲಿದ್ದ ಮುಚ್ಚಳದಿಂದ ಅದನ್ನು ಹಾಗೇ ಹಿಂದಕ್ಕೆ ತಳ್ಳಿದೆ. ಅಣ್ಣಯ್ಯ ತುತ್ತು ಬಿಟ್ಟು ನೋಡಿದರು.

"ಹ್ವಾಯ್, ನೀನ್ ಎಲ್ಲ್ ಆಡ್ತಿದ್ದೆ?"

"ಕಾಲೇಜಂಗೆ. ಮದಿ ಆಪುಕ್ ಮೊದ್ಲ್."

"ಈಗ್ಳ್?"

"ಈಗ್ಳ್ ನೋಟ್ ಎಣ್ಸುದ್."

ಅವರು ನಕ್ಕರು. ಮರುದಿನ ಸಂಜೆ ಬಾಗಿಲು ಹಾಕಿದ ಮೇಲೆ ಮಹಡಿಯಲ್ಲಿ ನನಗೊಂದು ಬ್ಯಾಟು ಕಾದಿತ್ತು. ಕೊಕ್ಕರ್ಣೆಯ ತವರಿನಲ್ಲಿ ಬಿಟ್ಟು ಬಂದದ್ದೆಲ್ಲ ಮರೆತೇಹೋಯಿತು ಎಂದುಕೊಂಡಿದ್ದೆ, ನನ್ನ ಕೈಗೆ ಅದು ಮರೆತಿರಲಿಲ್ಲ. ನನ್ನ ಗಂಡನಿಗೆ ಹಾರ್ಡ್‌ವೇರ್ ಅಂಗಡಿ, ಮಾತು ಕಮ್ಮಿ. ಸಂಜೆ ಒಂದು ಗಂಟೆ ತಡವಾಗುತ್ತದೆ ಎಂದದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಹೋಯ್ ಆಡ್. ಸಿಟ್ಟೆಲ್ಲ ಅಲ್ಲೇ ಇಳ್ಸಿ ಬಾ. ನಮ್ಗೂ ಸುಖ."

ಕುಂದಾಪುರದ ಸೆಕೆಯಲ್ಲಿ ಟೇಬಲ್ ಟೆನಿಸ್ ಆಡುವುದೆಂದರೆ ಎಂಥದ್ದೆಂದು ಆಡಿದವರಿಗೇ ಗೊತ್ತು. ಫ್ಯಾನ್ ಹಾಕುವ ಹಾಗಿಲ್ಲ, ಗಾಳಿಗೆ ಚೆಂಡು ದಾರಿ ತಪ್ಪುತ್ತದೆ. ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಮ್ಯಾನೇಜರರು ಪಾಪ ಒಳ್ಳೆಯ ಮನುಷ್ಯ. "ಏನ್ರಿ ಇದು, ಇಷ್ಟು ಬೆವರಿಳಸ್ತೀರಿ?" ಎಂದು ದಿನಾ ಬಂದು ಫ್ಯಾನ್ ಹಾಕುವುದು, ಅಣ್ಣಯ್ಯ ಹೋಗಿ ಆರಿಸುವುದು. ಉಪ್ಪುಗಾಳಿಗೆ ಬ್ಯಾಟಿನ ರಬ್ಬರು ಜಾರುತ್ತದೆಂದು ಅವರು ತಮ್ಮ ಬ್ಯಾಟನ್ನು ಒಣಗಿದ ಬೈರಾಸಿನಲ್ಲಿ ಸುತ್ತಿ ಇಡುತ್ತಿದ್ದರು. ಮುಖ ಒರೆಸಲಿಕ್ಕೆ ಬೇರೆ ಬೈರಾಸು, ಬ್ಯಾಟಿಗೆ ಬೇರೆ. ಒಮ್ಮೆ ಅದಲು ಬದಲು ಮಾಡಿದ್ದಕ್ಕೆ ನನ್ನ ಹತ್ತಿರ ಇಡೀ ಸಂಜೆ ಮಾತಾಡಲಿಲ್ಲ.

ಅವರು ಹೊಡೆಯುವ ಆಟಗಾರರಲ್ಲ. ಟೇಬಲ್ಲಿನಿಂದ ಎರಡು ಮಾರು ಹಿಂದೆ ನಿಂತು, ಎದುರಿನವರು ಎಷ್ಟೇ ಜೋರಾಗಿ ಹೊಡೆದರೂ ಕೆಳಗಿನಿಂದ ಕೊಯ್ದು ಕೊಯ್ದು ಚೆಂಡನ್ನು ಹಿಂದಕ್ಕೆ ಕಳಿಸುವವರು. ಹೊಡೆದವನು ಸುಸ್ತಾಗಿ ಕಡೆಗೆ ತಾನೇ ನೆಟ್ಟಿಗೆ ಹಾಕಬೇಕು. ದೇಶದ ದೊಡ್ಡ ಪಂದ್ಯಗಳಲ್ಲಿ ಅವರು ಮೂರನೆಯ, ನಾಲ್ಕನೆಯ ಸುತ್ತಿನಲ್ಲಿ ಸೋಲುವ ಆಟಗಾರರಾಗಿದ್ದರಂತೆ. ಆದರೆ ಅವರನ್ನು ಸೋಲಿಸಿದವನು ಮರುದಿನ ಮೇಲೇಳುತ್ತಿರಲಿಲ್ಲ ಎಂದು ಅವರೇ ನಗುತ್ತ ಹೇಳುತ್ತಿದ್ದರು.

"ನೀವ್ ಎಂತಕ್ಕೆ ಹೊಡುದಿಲ್ಲೆ?" ಎಂದು ಒಂದು ದಿನ ರೇಗಿದೆ.

ಅವರು ಕಿಟಕಿಯ ದಂಡೆಯ ಮೇಲೆ ಕೂತರು. "ನಂಗ್ ಆಟ ಕಲ್ಸಿದವ್ರ್ ಯಾರೂ ಇಲ್ಲೆ, ಮಾರಾಯ್ತಿ. ಸಣ್ಣ ಹುಡ್ಗ ಇಪ್ಪಗ ಬೊಂಬಾಯಿಗೆ ಹೋದೆ, ನಮ್ಮ ಊರವ್ರದ್ದೇ ಹೋಟ್ಲ್. ಅಲ್ಲಿಂದ ಒಂದ್ ಕ್ಲಬ್ಬಿಗೆ ಚಾ ಕೊಂಡ್ ಹೋತಿದ್ದೆ. ಸೇಟುಗಳಿಗೆ ಆಡುಕೆ ಜನ ಇಲ್ದಿದ್ರೆ ನನ್ನನ್ನ ನಿಲ್ಸುದ್. ಚೆಂಡ್ ವಾಪಸ್ ಕೊಡುದಷ್ಟೇ ಕೆಲ್ಸ. ಹೊಡುಕಾಗ, ಗೆಲ್ಲುಕಾಗ. ಹೊಡ್ದ್ರೆ ಮರ್ದಿನ ಕರೂದಿಲ್ಲೆ."

ಹಾಗೆ ಅವರು ಆ ಕ್ಲಬ್ಬಿನಲ್ಲಿ ಬೆಳೆದರು. ಸೇಟುಗಳು ಸ್ವಲ್ಪ ಕಷ್ಟಪಟ್ಟು ಗೆಲ್ಲುವ ಹಾಗೆ, ಗೆದ್ದದ್ದು ತಮ್ಮದೇ ಕೈಚಳಕದಿಂದ ಎಂದು ನಂಬುವ ಹಾಗೆ ಚೆಂಡು ಕೊಡುವುದನ್ನು ಕಲಿತರು. ಅದಕ್ಕೆ ತಿಂಗಳಿಗಿಷ್ಟು ಎಂದು ಸಂಬಳವೂ ಇತ್ತಂತೆ. ಕ್ಲಬ್ಬಿಗೆ ಬರುತ್ತಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಈ ಹುಡುಗನನ್ನು ದಾಟಿ ಚೆಂಡು ಹೋಗುವುದೇ ಇಲ್ಲವಲ್ಲ ಎಂದು ಗಮನಿಸಿ ಟೀಮಿಗೆ ಸೇರಿಸಿದರು. ಅಲ್ಲಿಂದ ಮೇಲೆ ಯಾರಿಗೂ ಸೋಲಬೇಕಾಗಿರಲಿಲ್ಲ. ಆದರೆ ಕೈಗೆ ಬೇರೆ ಆಟ ಹತ್ತಲಿಲ್ಲ.

"ಬಿಟ್ಟ್ ಕೊಡುದ್ರಗೆ ನಾನ್ ಡಿಗ್ರಿ ಮಾಡ್ದವ," ಎಂದರು. "ಯಾರ್ ಎಲ್ಲ್ ಬಿಟ್ಟ್ ಕೊಟ್ರೂ ನಂಗ್ ಶಬ್ದದಗೇ ಗೊತ್ತಾತ್ತ್."

ಅವರ ಒಂದು ಹುಚ್ಚೆಂದರೆ ಸರ್ವೀಸು. ಸರ್ವೀಸು ಮಾಡುವ ಮೊದಲು ಚೆಂಡು ಬಿಚ್ಚಿದ ಅಂಗೈಯ ಮೇಲೆ ಅಲುಗಾಡದೆ ಕೂತಿರಬೇಕು, ಅಲ್ಲಿಂದ ನೆಟ್ಟಗೆ ಮೇಲೆ ಹೋಗಬೇಕು ಎಂಬುದು ಆಟದ ಕಾಯಿದೆ. ಬಹಳ ಜನ ಬೆರಳು ಮಡಚಿ, ತೋಳು ಅಡ್ಡ ಹಿಡಿದು, ಎದುರಿನವರಿಗೆ ಚೆಂಡು ಕಾಣದ ಹಾಗೆ ಕಳ್ಳತನ ಮಾಡುತ್ತಾರೆ. ನನಗೂ ಕಾಲೇಜಿನಿಂದ ಅಭ್ಯಾಸವಾಗಿತ್ತು. ಅಣ್ಣಯ್ಯ ಅದನ್ನು ಬಿಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. "ಅಂಗೈ ಬಿಡ್ಸ್. ಎದ್ರಿನವ್ರಿಗೆ ಕಾಣ್ಕ್. ನಿನ್ನ್ ಹತ್ರ ಎಂತ ಇತ್ತ್ ಅಂದ್ ತೋರ್ಸಿಯೇ ಆಡ್ಕ್." ಬೆರಳು ಸ್ವಲ್ಪ ಮಡಚಿದರೂ ಚೆಂಡು ಹಿಡಿದು ಆಟ ನಿಲ್ಲಿಸಿಬಿಡುತ್ತಿದ್ದರು.

ಎರಡು ಸಾವಿರದ ಆಚೆ ಈಚೆ ಕಾಯಿದೆಗಳು ಒಂದೊಂದಾಗಿ ಬದಲಾದವು. ಚೆಂಡು ದೊಡ್ಡದಾಯಿತು. ಇಪ್ಪತ್ತೊಂದು ಪಾಯಿಂಟಿನ ಗೇಮು ಹನ್ನೊಂದಕ್ಕೆ ಇಳಿಯಿತು. ಕಾಯಿಸಿ ಕಾಯಿಸಿ ಗೆಲ್ಲುವ ಅವರಂಥವರಿಗೆ ಅದು ದೊಡ್ಡ ಪೆಟ್ಟು. "ಇಪ್ಪತ್ತೊಂದ್ರ ಆಟದಗೆ ಮನ್ಷ ಒಂದ್ ತಪ್ಪ್ ಮಾಡಿ, ಅದನ್ನ ಸಮ ಮಾಡಿ, ಇನ್ನೊಂದ್ ತಪ್ಪ್ ಮಾಡುಕೂ ಪುರ್ಸೊತ್ತ್ ಇದ್ದಿತ್," ಎಂದು ಗೊಣಗಿದರು. ಆದರೆ ಸರ್ವೀಸಿನಲ್ಲಿ ಚೆಂಡು ಅಡಗಿಸುವ ಹಾಗಿಲ್ಲ ಎಂಬ ಕಾಯಿದೆ ಬಿಗಿಯಾದ ದಿನ ಮಾತ್ರ ಇಡೀ ಬ್ರಾಂಚಿಗೆ ಗೋಳಿಬಜೆ ತರಿಸಿದರು. ಯಾಕೆಂದು ನನ್ನೊಬ್ಬಳಿಗೆ ಬಿಟ್ಟರೆ ಯಾರಿಗೂ ಅರ್ಥವಾಗಲಿಲ್ಲ. ಬಜೆ ಎಲ್ಲರೂ ತಿಂದರು.

ನಲವತ್ತು ದಾಟಿದವರ ಪಂದ್ಯಗಳಿಗೆ ನಾವು ಜೋಡಿಯಾಗಿ ಹೋಗಲು ಶುರು ಮಾಡಿದ್ದು ನನಗೂ ನಲವತ್ತಾದ ಮೇಲೆ. ಉಡುಪಿ, ಮಂಗಳೂರು, ಒಮ್ಮೆ ಕಾರವಾರ. ಈ ಆಟದ ಡಬಲ್ಸಿನಲ್ಲಿ ಜೋಡಿಯವರು ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು. ಹೊಡೆದ ಕೂಡಲೇ ಬದಿಗೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಬೇಕು. ನಾನು ಹೊಡೆದು ಅಲ್ಲೇ ನಿಂತು ಬೀಗುವವಳು. ಎಷ್ಟೋ ಸಲ ಅವರ ಮೊಣಕೈ ತಾಗಿಸಿಕೊಂಡಿದ್ದೇನೆ. ಅವರ ಕಡೆಯಿಂದ ಒಂದೇ ಮಾತು: "ಹೊಡ್ದ್ ಆಯ್ತಲ್ದಾ? ಇನ್ ಬದಿಗ್ ಬಾ."

ಒಂದು ವರ್ಷ ಅವರು ಚಾ ಬಿಟ್ಟರು. ಚಾ ಎಂದರೆ ಪ್ರಾಣ ಬಿಡುವ ಮನುಷ್ಯ. ನಾಲ್ಕು ಗಂಟೆಗೆ ಎಲ್ಲರೂ ಕೆಳಗಿನ ಹೋಟೆಲ್ಲಿಗೆ ಇಳಿದರೆ ಇವರು "ನಂಗ್ ಬ್ಯಾಡ, ಪಿತ್ತ ಆತ್ತ್" ಎನ್ನುತ್ತಿದ್ದರು. ಎಡಗೈ ಯಾವಾಗ ನೋಡಿದರೂ ಪ್ಯಾಂಟಿನ ಕಿಸೆಯಲ್ಲಿ. ವಯಸ್ಸಾಯಿತು, ಗತ್ತು ಬಂತು ಎಂದು ನಾವು ತಮಾಷೆ ಮಾಡಿದೆವು. ಮಹಡಿಯಲ್ಲಿ ಆಡುವಾಗ ನಾನು ಇನ್ನೊಂದು ಗಮನಿಸಿದೆ. ಅವರ ಸರ್ವೀಸು ಬದಲಾಗಿತ್ತು. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದು, ಕೂರಲು ಬಿಡದೆ, ತಟ್ಟನೆ ಹಾರಿಸಿ ಹೊಡೆಯುತ್ತಿದ್ದರು. ನನಗೆ ಹಳೆಯ ಬಾಕಿ ತೀರಿಸುವ ಖುಷಿ. "ಅಣ್ಣಯ್ಯ, ಅಂಗೈ," ಎಂದೆ. ಅವರು ನಗಲಿಲ್ಲ. ಬ್ಯಾಟನ್ನು ಬೈರಾಸಿನಲ್ಲಿ ಸುತ್ತಿ ಹೊರಟುಹೋದರು.

ಮರುವಾರ ಅತ್ತಿಗೆ ಪಾಸ್‌ಬುಕ್ ಹಿಡಿದುಕೊಂಡು ಕೌಂಟರಿಗೆ ಬಂದರು. ಬಿಜೂರಿನ ಹೆಣ್ಣು, ಗಟ್ಟಿಗಿತ್ತಿ, ಅನಗತ್ಯವಾಗಿ ಬ್ಯಾಂಕಿಗೆ ಬರುವವರಲ್ಲ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಜಾಲರಿಯ ಹತ್ತಿರ ಮುಖ ತಂದರು.

"ತಂಗಿ, ಅವ್ರ ಎಡಗೈ ಕಂಡಿದ್ರ್ಯಾ? ಸುಮ್ನೆ ಇದ್ರೆ ನಡುಗುದ್. ಎಂತಾರೂ ಕೆಲ್ಸಕ್ಕೆ ಹೋರೆ ನಿಲ್ತ್. ಮಣಿಪಾಲಕ್ಕೆ ಕರ್ಕಂಡ್ ಹೋಯಿ ತೋರ್ಸಿ ಆಯ್ತ್. ಇದ್ ಹೋಪ ಕಾಯ್ಲಿ ಅಲ್ಲ ಅಂದ್ರ್ ಡಾಕ್ಟ್ರ್. ಯಾರಿಗೂ ಹೇಳುಕಾಗ ಅಂದಿರ್. ನಿಮ್ಗ್ ಮಾತ್ರ ಹೇಳ್ದೆ, ಆಟದಗೆ ನೀವೇ ಅಲ್ದಾ ಬದಿಗ್ ಇಪ್ಪುದ್."

ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಚಾದ ಲೋಟ, ಕಿಸೆಯೊಳಗಿನ ಕೈ, ಸರ್ವೀಸು. ಆಟ ನಡೆಯುತ್ತಿರುವಾಗ ಅವರ ಕೈ ಮೊದಲಿನಷ್ಟೇ ಗಟ್ಟಿ, ಅದಕ್ಕೆ ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಸರ್ವೀಸಿಗೆ ಮೊದಲು ಚೆಂಡು ಅಂಗೈಯ ಮೇಲೆ ನಿಶ್ಚಲವಾಗಿ ಕೂರಬೇಕು. ಆ ಒಂದು ಗಳಿಗೆ ಕೈ ಸುಮ್ಮನಿರಬೇಕು. ಅದೊಂದೇ ಅವರಿಂದ ಆಗುತ್ತಿರಲಿಲ್ಲ.

ಬ್ರಹ್ಮಾವರದಲ್ಲಿ ಪಂದ್ಯ ಹತ್ತಿರವಿತ್ತು. ನನಗೆ ಒಳಗೆ ಇಟ್ಟುಕೊಳ್ಳಲು ಬರುವುದಿಲ್ಲ. ಮಹಡಿಯಲ್ಲಿ ಅವರಿಗೆ ನೇರವಾಗಿ ಹೇಳಿದೆ. "ನಂಗ್ ಗೊತ್ತಿತ್ತ್, ಅಣ್ಣಯ್ಯ. ದೇಹಕ್ಕೆ ತೊಂದ್ರೆ ಇದ್ದವ್ರಿಗೆ ಸರ್ವೀಸಿನ ಕಾಯ್ದೆ ಸಡ್ಲ ಮಾಡುಕ್ ಅಂಪೈರಿಗೆ ಅಧಿಕಾರ ಇತ್ತಂಬ್ರಲೆ. ಅಂಪೈರಿನ ಹತ್ರ ಹೇಳಿ, ಕೈ ತೋರ್ಸಿ. ಆಡುಕ್ ಬಿಡ್ತ್ರ್."

ಅವರು ಕಿಸೆಯಿಂದ ಕೈ ತೆಗೆಯಲಿಲ್ಲ. "ಬಿಡ್ತ್ರ್. ಅಂಪೈರ್ ಬಿಡ್ತ್ರ್. ಆರೆ ಎದ್ರಿಗೆ ಇಪ್ಪವ ಮತ್ತೆ ಹೊಡೂದಿಲ್ಲೆ. ಪಾಪ ಅಂತ. ಅಂವ ಪಾಪ ಅಂದ್ ಕೂಡ್ಲೆ ನನ್ನ್ ಆಟ ಮುಗೀತ್. ನಾನ್ ಬಿಟ್ಟ್ ಕೊಟ್ಟ್ ಬೆಳ್ದವ, ತಂಗಿ. ಬಿಟ್ಟ್ ಕೊಟ್ಟದ್ದನ್ನ ತಕಂಬ ಕರ್ಮ ನಂಗ್ ಬ್ಯಾಡ." ಕಿಟಕಿಯ ಕಡೆ ತಿರುಗಿ, "ಇದ್ದಷ್ಟ್ ದಿನ ಸಮ ಆಟ ಆಡ್ಕ್. ಅಷ್ಟೇ ಇಪ್ಪುದ್ ಆಸೆ," ಎಂದರು.

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಚೆಂಡನ್ನು ಗೋಡೆಗೆ ಬೀಸಿ ಕೆಳಗಿಳಿದು ಬಂದೆ.

ಬ್ರಹ್ಮಾವರದ ಪಂದ್ಯ ಒಂದು ಮದುವೆ ಛತ್ರದಲ್ಲಿ. ಹಿಂದಿನ ದಿನ ಮದುವೆ ಆಗಿತ್ತು, ವೇದಿಕೆಯ ಮೇಲೆ ಮಂಟಪದ ಬಾಳೆದಿಂಡು ಹಾಗೇ ನಿಂತಿತ್ತು, ನೆಲದಲ್ಲಿ ಪಾಯಸದ ಅಂಟು. ಫ್ಯಾನುಗಳೆಲ್ಲ ಬಂದ್. ಜನ ಪೇಪರು ಬೀಸಿಕೊಳ್ಳುತ್ತ ಕೂತಿದ್ದರು. ಅತ್ತಿಗೆಯೂ ಅಂದು ಬಂದಿದ್ದರು, ಗೋಡೆ ಬದಿಯ ಕುರ್ಚಿಯಲ್ಲಿ.

ಮಧ್ಯಾಹ್ನದ ಸುತ್ತಿನಲ್ಲಿ ನಮಗೆ ಎದುರಾದದ್ದು ಮಂಗಳೂರಿನ ಗಂಡ ಹೆಂಡತಿ ಜೋಡಿ. ಗಂಡನದು ಬಂಡೆಯಂಥ ಮೈ, ಕಣ್ಣು ಮುಚ್ಚಿ ಹೊಡೆಯುವ ಆಟ. ಮೊದಲ ಗೇಮು ಅವರದ್ದಾಯಿತು, ಎರಡನೆಯದು ನಮ್ಮದು. ಅಷ್ಟರವರೆಗೆ ಅಣ್ಣಯ್ಯನ ತಟ್ಟನೆಯ ಸರ್ವೀಸು ಹೇಗೋ ದಾಟಿತ್ತು. ಮೂರನೆಯದರಲ್ಲಿ ಅಂಪೈರ್, ಯಾವುದೋ ಶಾ‌ಲೆಯ ಪಿ.ಟಿ. ಮೇಷ್ಟ್ರು, ಕೈ ಎತ್ತಿದರು. "ಚೆಂಡು ಅಂಗೈಯಲ್ಲಿ ನಿಲ್ಲಬೇಕು, ಸರ್. ಇನ್ನೊಮ್ಮೆ ಆದರೆ ಪಾಯಿಂಟ್ ಹೋಗುತ್ತದೆ."

ಅಣ್ಣಯ್ಯ ತಲೆಯಾಡಿಸಿದರು. ಮುಂದಿನ ಸರ್ವೀಸಿಗೆ ಅಂಗೈ ಬಿಚ್ಚಿ ಚೆಂಡು ಇಟ್ಟರು. ಚೆಂಡು ಒಂದು ಸಲ ಅತ್ತ, ಒಂದು ಸಲ ಇತ್ತ ಓಡಾಡಿ, ಬೆರಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಟಕ್ ಟಕ್ ಟಕ್ ಎಂದು ಪುಟಿಯುತ್ತ ಹೋಯಿತು. ಹಿಂದೆ ಯಾರೋ ನಕ್ಕರು. ನಾನು ತಿರುಗಿ ನೋಡಿದ ನೋಟಕ್ಕೆ ನಗು ನಿಂತಿತು.

ಚೆಂಡು ಹೆಕ್ಕಿ ತಂದುಕೊಟ್ಟೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. "ನೀನ್ ಸುಮ್ನಿರ್," ಎಂದರು. ಅತ್ತಿಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ನೆಟ್ಟಗೆ ಅಂಪೈರಿನ ಕುರ್ಚಿಯ ಹತ್ತಿರ ಹೋಗಿ, ಎಡಗೈ ಮುಂದೆ ಚಾಚಿ, ಅಂಗೈ ಬಿಡಿಸಿ, ಅದರ ಮೇಲೆ ಚೆಂಡು ಇಟ್ಟರು.

"ಕಾಣಿ. ಇದ್ ನನ್ನ್ ಕೈ. ನಾನ್ ನಡ್ಗ್ಸುದಲ್ಲ, ಅದೇ ನಡುಗುದ್. ಕಾಯ್ಲಿ. ಕಾಯ್ದೆ ಪ್ರಕಾರ ನೀವ್ ಬಿಟ್ರೆ ಆಡ್ತೆ. ಬಿಡ್ದಿದ್ರೆ ಹೋತೆ."

ಇಡೀ ಛತ್ರ ನೋಡಿತು. ಅವರು ಕೈ ಹಿಂದೆ ತೆಗೆಯಲಿಲ್ಲ. ಚೆಂಡು ಅಂಗೈಯ ಗುಳಿಯಲ್ಲಿ ಅಲುಗಿ ಅಲುಗಿ ಅಲ್ಲೇ ಇತ್ತು. ಅಂಪೈರ್ ರೆಫರಿಯನ್ನು ಕರೆದರು, ಇಬ್ಬರೂ ಮಾತಾಡಿಕೊಂಡರು. "ಆಡಿ ಸರ್," ಎಂದರು ರೆಫರಿ. ಅಣ್ಣಯ್ಯ ಟೇಬಲ್ಲಿಗೆ ಬಂದು, ಅಂಗೈ ಬಿಚ್ಚಿಯೇ, ನಡುಗುವ ಚೆಂಡನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಸರ್ವೀಸು ಮಾಡಿದರು. ಸಂಘಟಕರ ಫೋಟೋಗ್ರಾಫರ್ ಒಬ್ಬ ಆಗ ಕ್ಲಿಕ್ ಮಾಡಿದ.

ಅವರು ಹೆದರಿದ್ದೇ ಆಯಿತು. ಕೊನೆಯ ಗೇಮಿನಲ್ಲಿ ಐದು ಪಾಯಿಂಟಾದ ಮೇಲೆ ಸರದಿ ಬದಲಾಗುತ್ತದೆ, ಅಲ್ಲಿಂದ ಮಂಗಳೂರಿನ ಗಂಡಸಿನ ಚೆಂಡು ಅಣ್ಣಯ್ಯನಿಗೇ ಬರಬೇಕು. ಅಷ್ಟು ಹೊತ್ತು ಬಡಿಯುತ್ತಿದ್ದ ಮನುಷ್ಯ, ಹೊಡೆಯಲಿಕ್ಕೆಂದೇ ಎದ್ದ ಚೆಂಡನ್ನು ಮೆಲ್ಲಗೆ, ಮಗುವಿಗೆ ಕೊಟ್ಟ ಹಾಗೆ, ಅಣ್ಣಯ್ಯನ ಮುಂದೆ ಇಟ್ಟ. ಅದನ್ನು ಹೊಡೆದಿದ್ದರೆ ಪಾಯಿಂಟ್ ನಮ್ಮದು. ಅಣ್ಣಯ್ಯ ಬ್ಯಾಟು ಎತ್ತಲಿಲ್ಲ. ಚೆಂಡು ಪುಟಿದು ಮೇಲೆ ಬಂದದ್ದನ್ನು ಕೈಯಲ್ಲಿ ಹಿಡಿದುಕೊಂಡರು.

"ಪಾಯಿಂಟ್ ಅವ್ರಿಗೆ," ಎಂದು ಅಂಪೈರಿಗೆ ಹೇಳಿದರು. ಆಮೇಲೆ ನೆಟ್ಟಿನ ಆಚೆ ನೋಡಿದರು. "ಹ್ವಾಯ್. ಸಣ್ಣ ಹುಡ್ಗ ಇಪ್ಪಗ ನಾನೂ ಕ್ಲಬ್ಬಂಗೆ ಹೀಂಗೇ ಆಡ್ತಿದ್ದೆ. ಸಂಬ್ಳಕ್ಕೆ. ನಿಮ್ಗ್ ಯಾರ್ ಸಂಬ್ಳ ಕೊಡ್ತ್ರ್?"

ಆ ಮನುಷ್ಯನ ಮುಖ ಕೆಂಪಾಯಿತು. ಹೆಂಡತಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಬ್ಯಾಟನ್ನು ತೊಡೆಗೆ ಒರೆಸಿಕೊಂಡು ಬಗ್ಗಿ ನಿಂತ.

ಮುಂದಿನದ್ದು ಆಟ. ಅಂಥ ಆಟ ನಾನು ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ. ಅವನು ಹೊಡೆದ, ಅಣ್ಣಯ್ಯ ಹಿಂದೆ ಹಿಂದೆ ಸರಿದು ಕೊಯ್ದು ಕಳಿಸಿದರು. ಹೆಂಡತಿ ನನಗೆ ತಳ್ಳಿದಳು, ನಾನು ದಾಟಿಸಿ ಬದಿಗೆ ಹಾರಿದೆ, ಅವನು ಮತ್ತೆ ಹೊಡೆದ. ಅಣ್ಣಯ್ಯ ಮಂಟಪದ ವೇದಿಕೆಗೆ ಬೆನ್ನು ತಾಗುವಷ್ಟು ಹಿಂದೆ ಹೋಗಿದ್ದರು. ನೆಲದಿಂದ ಗೇಣು ಮೇಲೆ ಚೆಂಡು ಎತ್ತುತ್ತಿದ್ದರು. ಅವರ ಎರಡೂ ಕೈ ಕಲ್ಲಿನ ಹಾಗೆ ಗಟ್ಟಿಯಿದ್ದವು. ಕೊನೆಯ ಪಾಯಿಂಟಿಗೆ ಆ ಮನುಷ್ಯ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ. ಚೆಂಡು ಅಣ್ಣಯ್ಯನ ಬ್ಯಾಟಿನ ಪಕ್ಕದಿಂದ ಹಾದು ಎದೆಗೆ ಬಡಿಯಿತು. ಪಂದ್ಯ ಸೋತೆವು.

ನಾನು ಓಡಿಹೋದೆ. ಅವರು ಎದೆ ಉಜ್ಜಿಕೊಳ್ಳುತ್ತ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಹಲ್ಲು ಅಷ್ಟು ಕಂಡದ್ದು ಆವತ್ತೇ.

"ಕಂಡ್ಯಾ," ಎಂದರು. "ಬಿಡ್ಲಿಲ್ಲೆ ಅಂವ. ಹೊಡ್ದ."

ಬಸ್ಸಿಗೆ ಕಾಯುವಾಗ ಹೆದ್ದಾರಿ ಬದಿಯ ಹೋಟೆಲ್ಲಿಗೆ ಅವರೇ ನಮ್ಮನ್ನು ಕರೆದುಕೊಂಡು ಹೋದರು. ಮೂರು ಚಾ ಹೇಳಿದರು. ಎಡಗೈಯಲ್ಲಿ ಬಸಿ, ಬಲಗೈಯಲ್ಲಿ ಕಪ್ಪು. ಬಸಿ ಮೇಜಿಗೆ ತಾಗಿ ಗಡಗಡ ಎಂದಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅತ್ತಿಗೆ ಬಸಿ ಹಿಡಿಯಲು ಕೈ ಮುಂದೆ ಮಾಡಿದರು. "ಇರ್ಲಿ," ಎಂದರು ಅಣ್ಣಯ್ಯ. "ಶಬ್ದ ಆರೆ ಆಯ್ತ್. ಚಾ ಲಾಯ್ಕ್ ಇತ್ತ್." ಅತ್ತಿಗೆ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಸೆಕೆ ಎಂದು ನನಗೆ ಹೇಳಿದರು.

ಅದಾದ ಮೇಲೂ ಎರಡು ವರ್ಷ ಆಡಿದರು. ಸೋತದ್ದೇ ಹೆಚ್ಚು. ಕೈ ಕಿಸೆಯೊಳಗೆ ಹೋದದ್ದನ್ನು ನಾನು ಮತ್ತೆ ನೋಡಲಿಲ್ಲ. ಆಮೇಲೆ ಬಲಗೈಗೂ ಬಂತು, ಕಾಲಿಗೂ ಬಂತು. ನಿವೃತ್ತಿಯಾದ ಮೇಲೂ ತಿಂಗಳಿಗೊಮ್ಮೆ ನಾವುಂದದಿಂದ ಬಸ್ಸು ಹತ್ತಿ ಬಂದು ಮಹಡಿಯಲ್ಲಿ ಕೂರುತ್ತಿದ್ದರು. ನಾವು ಆಡುವುದನ್ನು ನೋಡುವುದು, ಯಾರಾದರೂ ಫ್ಯಾನ್ ಹಾಕಿದರೆ ನಿಧಾನ ಎದ್ದು ಹೋಗಿ ಆರಿಸುವುದು. ಅಷ್ಟಕ್ಕೂ ಆಗದ ಕಾಲ ಬಂದ ಮೇಲೆ ನಾನೇ ನಾವುಂದಕ್ಕೆ ಹೋಗುತ್ತಿದ್ದೆ. ಮಾತು ತೊದಲುತ್ತಿತ್ತು. ಕಡೆಯ ಸಲ ಹೋದಾಗ ಹೊರಡುವ ಹೊತ್ತಿಗೆ ಏನೋ ಹೇಳಿದರು, ನನಗೆ ತಿಳಿಯಲಿಲ್ಲ. ಅತ್ತಿಗೆ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದರು. "ಹೊಡ್ದ್ ಆಯ್ತ್, ಇನ್ ಬದಿಗ್ ಬತ್ತೆ ಅಂತ್ರ್," ಎಂದರು.

ಚಾವಡಿಯಲ್ಲಿ ಊಟದ ಎಲೆ ಹಾಕುವ ಹೊತ್ತಾಯಿತು. ಅವರ ತಂಗಿಯ ಮಗ ಮತ್ತೆ ಬಂದ. "ಅಕ್ಕ, ಕಂಡ್ರ್ಯಾ? ಇತ್ತಾ?"

ನನ್ನ ಚೀಲದಲ್ಲಿದ್ದದ್ದು ಬ್ರಹ್ಮಾವರಕ್ಕೆ ಕೆಲವೇ ತಿಂಗಳು ಮೊದಲಿನ ಫೋಟೋ. ಉಡುಪಿಯಲ್ಲಿ ಬಹುಮಾನ ತೆಗೆದುಕೊಂಡದ್ದು. ಒಳ್ಳೆಯ ಬೆಳಕು, ಒಳ್ಳೆಯ ಅಂಗಿ, ಬಲಗೈಯಲ್ಲಿ ಕಪ್. ಎಲ್ಲ ಸ್ಪಷ್ಟವಾಗಿ ಬಂದಿದೆ. ಎಡಗೈ ಕಿಸೆಯೊಳಗಿದೆ.

ಹಾರ ಹಾಕಿದ ಫೋಟೋದ ಕಡೆ ನೋಡಿದೆ. ಅಂಗೈ ಎಲ್ಲರ ಎದುರು ತೆರೆದೇ ಇತ್ತು.

"ಇಲ್ಲೆ ಮಾರಾಯ," ಎಂದೆ. ಚೀಲದ ಜಿಪ್ ಎಳೆದೆ. "ಅವ್ರದ್ ಸಮ ಬಂದದ್ ಅದೊಂದೇ."